ಹಳೆ ದೋಣಿಯಲ್ಲಿ ಸಂಸಾರ: ಪರದೇಶದಲ್ಲಿ ನೀರಿನ ಮೇಲೆ ಮನೆ ಮಾಡುವವರಿಗೆ ಹದಿಮೂರು ಸೂತ್ರಗಳು

ಪೋರ್ಚುಗಲ್‌ಗೂ ಸ್ಪೇನ್‌ಗೂ ನಡುವೆ ಗಡಿಯಾಗಿ ಹರಿಯುವ ನದಿ ಗ್ವಾದಿಯಾನ. ಸಮುದ್ರ ಬಿಟ್ಟು ಸುಮಾರು 20 ನಾಟಿಕಲ್ ಮೈಲಿ ಮೇಲಕ್ಕೆ ಹೋದರೆ ಒಂದು ದಂಡೆಯಲ್ಲಿ ಅಲ್ಕೋತಿಂ, ಎದುರು ದಂಡೆಯಲ್ಲಿ ಸಾನ್‌ಲೂಕರ್ ಎಂಬ ಎರಡು ಪುಟ್ಟ ಊರುಗಳು ಸಿಗುತ್ತವೆ. ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಗಡಿಯಾರದಲ್ಲಿ ಒಂದು ಗಂಟೆ ದೂರ. ನಡುವೆ ಲಂಗರು ಹಾಕಿ ನಿಂತ ಹಾಯಿದೋಣಿಗಳಲ್ಲಿ ಎಷ್ಟೋ 1970–80ರ ದಶಕದವು. ಬ್ರಿಟನ್, ಜರ್ಮನಿ, ಹಾಲೆಂಡ್ ಕಡೆಯಿಂದ ಚಳಿಗಾಲ ಕಳೆಯಲೆಂದು ಬಂದ ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದುಬಿಟ್ಟಿದ್ದಾರೆ. ಹಗ್ಗದ ಮೇಲೆ ಒಣಗುವ ಬಟ್ಟೆ, ಹಿಂದೆ ಕಟ್ಟಿದ ರಬ್ಬರ್ ದೋಣಿ, ಮೇಲೊಂದು ಸೋಲಾರ್ ಫಲಕ. ಸಿನಿಮಾದ ಕೋಟ್ಯಧೀಶರ ಯಾಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಲಿಸ್ಬನ್, ಬಾರ್ಸಿಲೋನಾಗಳ ಮನೆ ಬಾಡಿಗೆ ಕೇಳಿ ಬೆಚ್ಚಿದವರಿಗೆ, ಅದರಲ್ಲೂ ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದಲಾದರೂ ದುಡಿಯಬಲ್ಲ ನಮ್ಮ ಹೊರನಾಡ ಕನ್ನಡಿಗರಿಗೆ, ಹೀಗೆ ದೋಣಿಯಲ್ಲಿ ಬಾಳುವ ಆಸೆ ಹುಟ್ಟುವುದು ಸಹಜ. ಆಸೆಪಡಿ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ: ಇಲ್ಲಿ ಉಳಿತಾಯವೆಲ್ಲ ಬರುವುದು ಸ್ವಂತ ಕೈಕೆಲಸದಿಂದ. ಕೈಗೆ ಗ್ರೀಸ್ ಅಂಟಿಸಿಕೊಳ್ಳದವರಿಗೆ ಹಳೆ ದೋಣಿಗಿಂತ ಬಾಡಿಗೆ ಮನೆಯೇ ಅಗ್ಗ.

1. ಕೊಳ್ಳುವ ಮುಂಚೆ ಒಂದು ಚಳಿಗಾಲ ಇದ್ದು ನೋಡಿ

ಜೂನ್ ತಿಂಗಳಲ್ಲಿ ಯಾವ ದೋಣಿಯೂ ಚಂದ. ಜನವರಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಗಾಳಿಗೆ ಹಗ್ಗಗಳು ಕಂಬಕ್ಕೆ ಬಡಿದು ರಾತ್ರಿಯಿಡೀ ಟಣ್ ಟಣ್ ಎನ್ನುತ್ತಿವೆ, ಒದ್ದೆ ಕೋಟು ನೇತುಹಾಕಲು ಜಾಗವಿಲ್ಲ, ಎರಡಡಿ ದೂರದಲ್ಲಿ ಗಂಡನೋ ಹೆಂಡತಿಯೋ ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ಆಗಲೂ ಇಷ್ಟವಾದರೆ ಮುಂದಿನ ಸೂತ್ರ ಓದಿ. ಒಬ್ಬರ ಆಸೆಗೆ ಇನ್ನೊಬ್ಬರು ತಲೆಬಾಗಿದ ಸಂಸಾರ ಮನೆಯಲ್ಲಾದರೆ ಹೇಗೋ ನಡೆದೀತು, 30 ಅಡಿಯಲ್ಲಿ ನಡೆಯುವುದಿಲ್ಲ. ಒಂದೆರಡು ತಿಂಗಳು ಬಾಡಿಗೆಗೆ ಇದ್ದರೆ ಖರ್ಚಾಗುವುದು ಸ್ವಲ್ಪ, ತಿಳಿಯುವುದು ಬಹಳ.

2. ಉದ್ದಕ್ಕೆ ಮರುಳಾಗಬೇಡಿ

ಮರೀನಾ, ಅಂದರೆ ದೋಣಿ ನಿಲ್ಲಿಸುವ ಕಟ್ಟೆ, ಅದರ ಬಾಡಿಗೆ ಮೀಟರ್ ಲೆಕ್ಕ. ದಡಕ್ಕೆ ಎತ್ತುವ ಕ್ರೇನು, ತಳದ ಬಣ್ಣ, ವಿಮೆ, ಎಲ್ಲವೂ ಉದ್ದವನ್ನೇ ಹಿಡಿದುಕೊಂಡು ಏರುತ್ತವೆ. ಅದೂ ಸಮಸಮವಾಗಿ ಅಲ್ಲ. ಅದೇ ಅಳತೆಪಾಡಿನಲ್ಲಿ 30 ಅಡಿಯ ದೋಣಿಯನ್ನು 36 ಅಡಿಗೆ ಹಿಗ್ಗಿಸಿದರೆ ತೂಕ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ತೂಕ ಹೆಚ್ಚಾದರೆ ಹಾಯಿ ದೊಡ್ಡದು, ಲಂಗರು ದೊಡ್ಡದು, ಎಂಜಿನ್ ದೊಡ್ಡದು.

ಒಬ್ಬರಿಗೆ 27ರಿಂದ 30 ಅಡಿ ಸಾಕು. ಇಬ್ಬರಿಗೆ 32ರಿಂದ 36. ಅದಕ್ಕಿಂತ ಉದ್ದವಾದದ್ದು ಅಗ್ಗಕ್ಕೆ ಸಿಕ್ಕಿತೆಂದರೆ, ಮಾರುವವನಿಗೆ ಅದನ್ನು ಸಾಕಲಾಗಲಿಲ್ಲ ಎಂದೇ ತಿಳಿಯಿರಿ. ಎರಡು ಒಡಲಿನ ಕ್ಯಾಟಮರಾನ್ ವಿಶಾಲ ನಿಜ, ಆದರೆ ಎಷ್ಟೋ ಮರೀನಾಗಳಲ್ಲಿ ಅದಕ್ಕೆ ಒಂದೂವರೆ ಪಟ್ಟು ಬಾಡಿಗೆ.

ಕೊಳ್ಳುವ ಮೊದಲು ಒಳಗೆ ಇಳಿದು ನೆಟ್ಟಗೆ ನಿಲ್ಲಿ. ತಲೆ ಮೇಲಕ್ಕೆ ತಾಕಿದರೆ ಅದು ನಿಮ್ಮ ದೋಣಿಯಲ್ಲ. ರಜೆಯಲ್ಲಿ ಬಗ್ಗಿ ಓಡಾಡಬಹುದು, ವರ್ಷಪೂರ್ತಿ ಬೆನ್ನು ತಡೆಯದು.

3. ಹಳೆಯದೆಂದು ಹೆದರಬೇಡಿ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. 1970–80ರ ದಶಕದ ಕಾರ್ಖಾನೆಗಳು ಒಡಲನ್ನು ದಪ್ಪವಾಗಿಯೇ ಹಾಕಿದವು. ಐವತ್ತು ವರ್ಷ ಕಳೆದರೂ ಒಡಲು ಗಟ್ಟಿ, ಸುತ್ತಲಿನ ಸಾಮಾನು ಮಾತ್ರ ಸವೆದಿರುತ್ತದೆ. ಸ್ವೀಡನ್ನಿನ ಆಲ್ಬಿನ್ ವೇಗಾ 27, ಬ್ರಿಟನ್ನಿನ ವೆಸ್ಟರ್ಲಿ ಸೆಂಟಾರ್ ಸಾವಿರಗಟ್ಟಲೆ ತಯಾರಾದವು. ಹಾಗಾಗಿ ಬಿಡಿಭಾಗ, ಅನುಭವಿಗಳ ಸಲಹೆ, ಎರಡೂ ಇಂದಿಗೂ ಸಿಗುತ್ತವೆ. ಬಹಳ ಜನ ಕೊಂಡ ಮಾದರಿಯನ್ನೇ ನೀವೂ ಕೊಳ್ಳಿ. ಒಬ್ಬನೇ ಕಸುಬುದಾರ ಅಕ್ಕರೆಯಿಂದ ಕಟ್ಟಿದ ಅಪರೂಪದ ದೋಣಿಯನ್ನು ಕಣ್ತುಂಬ ನೋಡಿ ಬಿಟ್ಟುಬಿಡಿ.

ಹಳೆ ವಿನ್ಯಾಸದ ತಾಕತ್ತಿಗೆ ಸಾಕ್ಷಿ ಬೇಕೆನ್ನುವವರು ಗೋಲ್ಡನ್ ಗ್ಲೋಬ್ ಪಂದ್ಯವನ್ನು ನೋಡಲಿ. ಒಬ್ಬರೇ ಕೂತು, ಎಲ್ಲೂ ನಿಲ್ಲದೆ ಭೂಮಿ ಸುತ್ತಬೇಕಾದ ಆ ಪಂದ್ಯಕ್ಕೆ 1988ಕ್ಕಿಂತ ಹಿಂದೆ ವಿನ್ಯಾಸಗೊಂಡ ದೋಣಿಗಳಿಗಷ್ಟೇ ಪ್ರವೇಶ, ಅದೂ 32ರಿಂದ 36 ಅಡಿಯವು ಮಾತ್ರ. 2022ರ ಪಂದ್ಯದಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ರಸ್ಲರ್ 36 ದೋಣಿಯಲ್ಲಿ ಎರಡನೆಯವರಾಗಿ ದಡ ಸೇರಿದರು. 2018ರ ಪಂದ್ಯದಲ್ಲಿ ಬೆನ್ನುಮೂಳೆ ಜಖಂ ಮಾಡಿಕೊಂಡಿದ್ದ ಮನುಷ್ಯ ಮತ್ತೆ ಹೊರಟಾಗ ನಂಬಿದ್ದು ಇಂಥ ಹಳೆ ವಿನ್ಯಾಸವನ್ನೇ. ನದಿಯಲ್ಲಿ ಲಂಗರು ಹಾಕಿ ಸಾರು ಕುದಿಸುವ ನಮಗೆ ಅಷ್ಟು ಗಟ್ಟಿತನ ಧಾರಾಳವಾಯಿತು.

4. ಸರ್ವೇಯರ್‌ಗೆ ಕೊಡುವ ದುಡ್ಡಿನಲ್ಲಿ ಜಿಪುಣತನ ಬೇಡ

ದೋಣಿಯ ತಪಾಸಣೆಗೆ ಮಾರುವವರು ಗೊತ್ತುಮಾಡಿದ ಸರ್ವೇಯರ್ ಬೇಡ, ನಿಮ್ಮವರೇ ಇರಲಿ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿಯೇ ತೋರಿಸಿ. ಅವರು ಸಣ್ಣ ಸುತ್ತಿಗೆಯಿಂದ ಒಡಲನ್ನು ಅಂಗೈಯಗಲ ಅಂಗೈಯಗಲ ತಟ್ಟುತ್ತ ಹೋಗುವಾಗ ಜೊತೆಗೇ ನಡೆಯಿರಿ. ಗಟ್ಟಿ ಜಾಗದಲ್ಲಿ ಸದ್ದು ಖಣ್ ಖಣ್, ಪದರ ಬಿಟ್ಟ ಜಾಗದಲ್ಲಿ ಮಂದ. ಸ್ವಲ್ಪ ಹೊತ್ತಿಗೆ ನಿಮ್ಮ ಕಿವಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಎಲ್ಲರೂ ಹೆದರುವುದು ಆಸ್ಮಾಸಿಸ್‌ಗೆ. ಹೊರಗಿನ ನುಣುಪು ಪದರ ದಾಟಿ ನೀರು ಒಳಗಿಳಿದು, ಅಲ್ಲಿನ ರಾಸಾಯನಿಕಗಳ ಜೊತೆ ಸೇರಿ ಆಮ್ಲದಂಥ ದ್ರವವಾಗಿ ತಳದಲ್ಲಿ ಬೊಕ್ಕೆ ಏಳಿಸುತ್ತದೆ. ಚುಚ್ಚಿದರೆ ಚಿಮ್ಮುತ್ತದೆ (ಕಣ್ಣಿಗೆ ಕನ್ನಡಕ ಇರಲಿ), ವಿನೆಗರ್ ವಾಸನೆ ಹೊಡೆಯುತ್ತದೆ. ನೋಡಲು ಭಯಂಕರ, ಆದರೆ ಬೊಕ್ಕೆಯಿಂದಲೇ ಮುಳುಗಿದ ದೋಣಿ ಅಪರೂಪ. ನಾಲ್ಕಾರು ಬೊಕ್ಕೆ ಕಂಡರೆ ಬೆಲೆ ಇಳಿಸಲು ಬಳಸಿಕೊಳ್ಳಿ, ಓಡಿಹೋಗಬೇಡಿ.

ನಿಜವಾಗಿ ಹೆದರಬೇಕಾದವು ಬೇರೆ. ಮೊದಲನೆಯದು ಡೆಕ್, ಅಂದರೆ ದೋಣಿಯ ಮೇಲ್ಹಾಸು. ಎಷ್ಟೋ ದೋಣಿಗಳ ಡೆಕ್ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವನ್ನಿಟ್ಟು ಮಾಡಿದ್ದು. ಸ್ಕ್ರೂ ತೂತಿನಿಂದ ನೀರು ಇಳಿದರೆ ಆ ಮರ ಕೊಳೆಯುತ್ತದೆ. ನಡೆದಾಗ ಕಾಲಡಿ ಮೆತ್ತಗಾದರೆ ದುರಸ್ತಿ ದುಬಾರಿ. ಮೇಲೆ ತೇಗದ ಹಲಗೆ ಹೊಡೆದಿದ್ದರೆ ಚಂದ ಕಾಣುತ್ತದೆ, ತೂತೂ ನೂರಾರು ಇರುತ್ತವೆ. ಎರಡನೆಯದು ಕಂಬವನ್ನು ಹಿಡಿದ ಸ್ಟೀಲ್ ತಂತಿಗಳು. ಹತ್ತು ಹದಿನೈದು ವರ್ಷ ದಾಟಿದವಾದರೆ ವಿಮೆಯವರೇ ಬದಲಿಸಿ ಎನ್ನುತ್ತಾರೆ, ಖರ್ಚು ಸಾವಿರಾರು ಯೂರೋ. ಮೂರನೆಯದು ಆಯಾ ಮಾದರಿಯ ಹುಟ್ಟುದೋಷ. ಸೆಂಟಾರ್‌ನ ಅಡಿಯಲ್ಲಿ ಎರಡು ಕೀಲ್‌ಗಳಿವೆ (ತಳದಿಂದ ಕೆಳಕ್ಕೆ ಚಾಚಿದ ಭಾರದ ರೆಕ್ಕೆಗಳು). ನೀರಿಳಿದಾಗ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಆದರೆ ಆ ಕೀಲ್‌ಗಳು ಒಡಲಿಗೆ ಸೇರುವ ಜಾಗ ದುರ್ಬಲ. ಬಲಪಡಿಸಿದ್ದಾರಾ ಎಂದು ಕೇಳದೆ ಮುಂಗಡ ಕೊಡಬೇಡಿ.

ನಾಲ್ಕನೆಯದು ಸೀಕಾಕ್, ಅಂದರೆ ಒಡಲಿನ ತೂತುಗಳಿಗೆ ಹಾಕಿದ ವಾಲ್ವ್. ಹಿತ್ತಾಳೆಯದಾದರೆ ಉಪ್ಪುನೀರಿನಲ್ಲಿ ಅದರೊಳಗಿನ ಸತು ಕರಗಿಹೋಗಿ, ಉಳಿದ ಲೋಹ ಗುಲಾಬಿ ಬಣ್ಣಕ್ಕೆ ತಿರುಗಿ, ಒದ್ದರೆ ಮುರಿಯುವಂತಾಗುತ್ತದೆ. ಒಂದೂವರೆ ಇಂಚಿನ ವಾಲ್ವ್ ಮುರಿದರೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಲೀಟರ್ ನೀರು ಒಳಗೆ. ಕಂಚಿನದ್ದನ್ನೇ ಹಾಕಿಸಿ. ಪ್ರತಿ ವಾಲ್ವ್ ಪಕ್ಕದಲ್ಲೂ ಆ ತೂತಿಗೆ ಸರಿಹೋಗುವ ಮರದ ಬಿರಡೆಯೊಂದನ್ನು ದಾರ ಕಟ್ಟಿ ನೇತುಹಾಕಿ. ಹತ್ತಿಪ್ಪತ್ತು ಯೂರೋದ ಕೆಲಸ, ಇದಕ್ಕಿಂತ ಅಗ್ಗದ ವಿಮೆ ಎಲ್ಲೂ ಸಿಗದು.

5. ಕೊಂಡ ಬೆಲೆಯನ್ನು ಬಜೆಟ್ ಎಂದುಕೊಳ್ಳಬೇಡಿ

1970–80ರ ದಶಕದ 30 ಅಡಿಯ ದೋಣಿ ಯೂರೋಪಿನಲ್ಲಿ 10,000ದಿಂದ 25,000 ಯೂರೋ ಒಳಗೆ ಸಿಗುತ್ತದೆ. ಕೈಯಲ್ಲಿ 20,000 ಇದ್ದರೆ 12,000ದ ದೋಣಿ ನೋಡಿ. ಉಳಿದದ್ದು ಮೊದಲ ವರ್ಷದಲ್ಲೇ ಕರಗುತ್ತದೆ.

ವರ್ಷಕ್ಕೆ ದೋಣಿಯ ಬೆಲೆಯ ಶೇ 10ರಷ್ಟು ನಿರ್ವಹಣೆಗೆ ಎಂಬ ಲೆಕ್ಕವನ್ನು ಎಲ್ಲರೂ ಒಪ್ಪಿಸುತ್ತಾರೆ. ಹಳೆ ದೋಣಿಗೆ ಅದು ಸುಳ್ಳು ಲೆಕ್ಕ. ದೋಣಿ ಅಗ್ಗಕ್ಕೆ ಬಂತೆಂದು ಹೊಸ ಹಾಯಿಯನ್ನು ಯಾರೂ ಅಗ್ಗಕ್ಕೆ ಹೊಲಿದುಕೊಡುವುದಿಲ್ಲ. ಹೊಸ ದೋಣಿ ಕೊಳ್ಳಲು ಎಷ್ಟಾಗುತ್ತಿತ್ತೋ ಅದನ್ನು ನೆನಪಿನಲ್ಲಿಟ್ಟುಕೊಂಡು ಖರ್ಚು ಅಂದಾಜಿಸಿ.

6. ಕಾಗದಪತ್ರ ಮೊದಲು, ಸಮುದ್ರ ಆಮೇಲೆ

ಭಾರತದ ಪಾಸ್‌ಪೋರ್ಟಿನವರು ಹೆಚ್ಚು ಎಡವುವುದು ಇಲ್ಲೇ. ದೋಣಿಯ ಕಾನೂನು ಬೇರೆ, ಅದರೊಳಗಿರುವ ಮನುಷ್ಯರ ಕಾನೂನು ಬೇರೆ.

ಪೋರ್ಚುಗಲ್, ಸ್ಪೇನ್ ಸೇರಿದಂತೆ ಷೆಂಗೆನ್ ನಾಡುಗಳಲ್ಲಿ ಪ್ರವಾಸಿ ವೀಸಾದವರು 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಆದರೆ ಐರೋಪ್ಯ ಒಕ್ಕೂಟದ ಹೊರಗೆ ನೋಂದಣಿಯಾದ, ಹೊರಗಿನವರ ಒಡೆತನದ ದೋಣಿ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಕಟ್ಟದೆ 18 ತಿಂಗಳು ಇರಬಹುದು. ದೋಣಿಗೆ ಒಂದೂವರೆ ವರ್ಷ, ಒಡೆಯನಿಗೆ ಮೂರು ತಿಂಗಳು!

ಸರಿ, ನಿವಾಸದ ಪರವಾನಗಿಯನ್ನೇ ತೆಗೆದುಕೊಳ್ಳೋಣ ಎನ್ನುತ್ತೀರಿ. ಒಳ್ಳೆಯದೇ, ಆದರೆ ಅದರ ಬೆನ್ನಿಗೇ ಇನ್ನೊಂದು ಬಲೆ ಇದೆ. ನೀವು ಅಲ್ಲಿನ ನಿವಾಸಿಯಾದ ಕೂಡಲೇ ನಿಮ್ಮ ದೋಣಿಗೆ ಆ 18 ತಿಂಗಳ ರಿಯಾಯಿತಿ ತಪ್ಪುತ್ತದೆ. ವ್ಯಾಟ್ ಕಟ್ಟಿದ ದಾಖಲೆ ಇಲ್ಲದಿದ್ದರೆ ಪೋರ್ಚುಗಲ್‌ನಲ್ಲಿ ಶೇ 23, ಸ್ಪೇನ್‌ನಲ್ಲಿ ಶೇ 21 ತೆರಬೇಕಾಗಿ ಬರಬಹುದು. ಬ್ರಿಟನ್ನಿನಲ್ಲಿ ದೋಣಿ ಕೊಳ್ಳುವ ಕನ್ನಡಿಗರು ಇದನ್ನು ಎರಡು ಸಲ ಓದಲಿ. ಬ್ರೆಕ್ಸಿಟ್ ಸಂಕ್ರಮಣ ಮುಗಿದ 2020ರ ಡಿಸೆಂಬರ್ 31ರ ರಾತ್ರಿ ಬ್ರಿಟನ್ನಿನಲ್ಲಿ ನಿಂತಿದ್ದ ದೋಣಿಗಳು ಒಕ್ಕೂಟದ ಸ್ಥಾನಮಾನ ಕಳೆದುಕೊಂಡವು. ಅಲ್ಲಿ ಕಟ್ಟಿದ ಹಳೆ ವ್ಯಾಟ್ ರಸೀದಿ ತೋರಿಸಿ ಇಲ್ಲಿ ಪಾರಾಗಲು ಆಗದು.

ನಿವಾಸದ ಅರ್ಜಿಗೆ ವಾಸದ ವಿಳಾಸ ಬೇಕು. ದೋಣಿಯನ್ನು ವಿಳಾಸವೆಂದು ಒಪ್ಪುತ್ತಾರೆಂಬ ಭರವಸೆಯಲ್ಲಿ ಹೊರಡಬೇಡಿ, ದಡದ ಮೇಲೊಂದು ವಿಳಾಸ ಮಾಡಿಕೊಳ್ಳಿ. ಬ್ಯಾಂಕು, ವೈದ್ಯರು, ಅಂಚೆ, ಎಲ್ಲರೂ ಅದನ್ನೇ ಕೇಳುತ್ತಾರೆ. ವರ್ಷದಲ್ಲಿ 183 ದಿನ ದಾಟಿದರೆ ಎರಡೂ ದೇಶಗಳು ನಿಮ್ಮನ್ನು ತೆರಿಗೆದಾರ ಎಂದು ಎಣಿಸುತ್ತವೆ. ವಕೀಲರಿಗೆ, ಲೆಕ್ಕಪರಿಶೋಧಕರಿಗೆ ಕೊಡುವ ಫೀಜನ್ನೂ ದೋಣಿಯ ಬೆಲೆಗೆ ಸೇರಿಸಿಕೊಳ್ಳಿ.

7. ಪರೀಕ್ಷೆ ಪಾಸು ಮಾಡಿ

ಯೂರೋಪಿನ ಹಲವು ಕಡೆ ದೋಣಿ ನಡೆಸುವವರ ಬಳಿ ಐಸಿಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಕೇಳುತ್ತಾರೆ. ವಿಎಚ್‌ಎಫ್ ರೇಡಿಯೊಗೂ ಬೇರೆ ಪರವಾನಗಿ ಇದೆ. ವಿಮೆ ಇಲ್ಲದ ದೋಣಿಯನ್ನು ಮರೀನಾ ಒಳಗೆ ಬಿಡುವುದಿಲ್ಲ. ಹಳೆ ದೋಣಿಗೆ ವಿಮೆಯವರು ಸಾಮಾನ್ಯವಾಗಿ ಸರ್ವೆ ವರದಿ ಕೇಳುತ್ತಾರೆ. ಅದರಲ್ಲೇ ವಾಸ ಇದ್ದೇವೆಂಬುದನ್ನು ಅವರಿಂದ ಮುಚ್ಚಿಡಬೇಡಿ.

8. ನಿಲ್ಲಿಸುವ ಜಾಗ ಮೊದಲು, ದೋಣಿ ಆಮೇಲೆ

ಎಲ್ಲ ಮರೀನಾಗಳೂ ವಾಸಕ್ಕೆ ಒಪ್ಪುವುದಿಲ್ಲ. ಫೋನ್ ಮಾಡಿ ಕೇಳಿ: ಇಡೀ ವರ್ಷ ಇರಬಹುದೇ, ಕರೆಂಟು–ನೀರಿಗೆ ಮೀಟರ್ ಬೇರೆಯೇ, ಸ್ನಾನದ ಮನೆ ರಾತ್ರಿಯೂ ತೆರೆದಿರುತ್ತದೆಯೇ? ಚಳಿಗಾಲದ ಆರು ತಿಂಗಳ ಕರಾರು ಬೇಸಿಗೆಯ ದರಕ್ಕಿಂತ ಬಹಳ ಕಡಿಮೆ. ಸ್ಪೇನ್‌ನ ಕಾರ್ತಹೇನಾ, ಆಲ್ಮೆರಿಮಾರ್, ಪೋರ್ಚುಗಲ್‌ನ ಲಾಗೋಸ್, ಸಿಸಿಲಿಯ ಮರೀನಾ ದಿ ರಗೂಸಾ, ಇವೆಲ್ಲ ಚಳಿಗಾಲದಲ್ಲಿ ದೋಣಿವಾಸಿಗಳು ಸೇರುವ ಕೇಂದ್ರಗಳು.

ಲಂಗರು ಹಾಕಿ ನಿಂತರೆ ಬಾಡಿಗೆ ಉಳಿಯುತ್ತದೆ, ನೆಮ್ಮದಿಯಲ್ಲಿ ಸ್ವಲ್ಪ ಖರ್ಚಾಗುತ್ತದೆ. ಗ್ವಾದಿಯಾನದಲ್ಲೇ ನೋಡಿ. ಉಬ್ಬರ ಇಳಿತಕ್ಕೆ ಅಷ್ಟು ಒಳನಾಡಿನಲ್ಲೂ ನೀರು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಚಳಿಗಾಲದಲ್ಲಿ ಜೋರು ಮಳೆಯಾದರೆ ಮರದ ದಿಮ್ಮಿ, ಜೊಂಡಿನ ರಾಶಿ ತೇಲಿಬಂದು ಲಂಗರಿನ ಸರಪಳಿಗೆ ಸಿಕ್ಕಿಕೊಳ್ಳುತ್ತವೆ. ಲಂಗರನ್ನು ತಯಾರಕರ ಪಟ್ಟಿಯಲ್ಲಿ ಹೇಳಿದ ಅಳತೆಗಿಂತ ಒಂದು ಮೇಲಿನದನ್ನೇ ತನ್ನಿ.

9. ಗ್ಯಾಸ್ ವಿಷಯದಲ್ಲಿ ಊರಿನ ಅಭ್ಯಾಸ ಸಾಲದು

ಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಕಿಟಕಿ ಬಾಗಿಲು ತೆಗೆಯುತ್ತೇವೆ. ದೋಣಿಯಲ್ಲಿ ಅಷ್ಟರಿಂದ ಆಗದು. ಎಲ್‌ಪಿಜಿ ಗಾಳಿಗಿಂತ ಭಾರ, ಅದು ನೆಲದ ಹಲಗೆಗಳ ಸಂದಿಯಿಂದ ತಳಕ್ಕಿಳಿದು, ಬಾವಿಯಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ಸಿಲಿಂಡರ್ ಇಡುವ ಪೆಟ್ಟಿಗೆ ದೋಣಿಯ ಒಳಭಾಗಕ್ಕೆ ತೆರೆಯದಂತೆ ಇರಬೇಕು, ಅದರ ಅಡಿಯಿಂದ ಸೋರಿದ ಗ್ಯಾಸ್ ಸಮುದ್ರಕ್ಕೆ ಹೋಗಲು ಕೊಳವೆ ಇರಬೇಕು. ತಳದಲ್ಲಿ ಗ್ಯಾಸ್ ಅಲಾರಂ, ಮಲಗುವ ಕಡೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ಅಡುಗೆ ಮುಗಿದಾಗಲೆಲ್ಲ ಸಿಲಿಂಡರ್ ಬಳಿಯೇ ಬಂದ್ ಮಾಡಿ. ದೇಶದಿಂದ ದೇಶಕ್ಕೆ ಸಿಲಿಂಡರಿನ ಬಾಯಿ ಬೇರೆ. ಕ್ಯಾಂಪಿಂಗಾಜ್‌ನ ನೀಲಿ ಸಿಲಿಂಡರ್ ಹೆಚ್ಚು ಕಡೆ ಸಿಗುತ್ತದೆ, ಬೆಲೆ ಮಾತ್ರ ಜಾಸ್ತಿ.

10. ಕರೆಂಟನ್ನು ಸಂಬಳದಂತೆ ಎಣಿಸಿ

12 ವೋಲ್ಟ್ ಫ್ರಿಜ್ ಒಂದೇ ದಿನಕ್ಕೆ 30ರಿಂದ 60 ಆಂಪಿಯರ್-ಅವರ್ ತಿನ್ನುತ್ತದೆ. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪದೇ ಪದೇ ಬಳಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ದಕ್ಷಿಣ ಪೋರ್ಚುಗಲ್‌ನ ಬಿಸಿಲಿಗೆ 200ರಿಂದ 400 ವಾಟ್ ಸೋಲಾರ್ ಇದ್ದರೆ ದೀಪ, ಫ್ರಿಜ್, ಲ್ಯಾಪ್‌ಟಾಪ್ ನಡೆಯುತ್ತವೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬೇಕೆಂದರೆ ಮರೀನಾದ ಪ್ಲಗ್ ಹುಡುಕಬೇಕು. ಆ ಪ್ಲಗ್ ಹಾಕುವ ಮೊದಲು ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಿ. ಇಲ್ಲವಾದರೆ ಅರ್ಥ್ ತಂತಿಯ ಮೂಲಕ ಪಕ್ಕದ ದೋಣಿಯ ಲೋಹವೂ ನಿಮ್ಮದೂ ಒಂದೇ ಬ್ಯಾಟರಿಯಂತಾಗಿ, ಬೇರೆ ಲೋಹ ಸವೆಯದಂತೆ ನಿಮ್ಮ ತಳಕ್ಕೆ ಹಾಕಿದ ಸತುವಿನ ಗಟ್ಟಿಗಳು ಬೇಗ ಸವೆಯುತ್ತವೆ. ಅವು ಮುಗಿದ ಮೇಲೆ ಪ್ರೊಪೆಲ್ಲರ್ ಸರದಿ.

11. ತೇವಕ್ಕೆ ದಾರಿ ಕೊಡಿ, ಒಗ್ಗರಣೆಗೂ ಕೊಡಿ

ಚಳಿಗಾಲದಲ್ಲಿ ಇಬ್ಬರ ಉಸಿರು, ಒಂದು ಪಾತ್ರೆ ಅನ್ನ, ಅಷ್ಟರಿಂದಲೇ ಗೋಡೆ ಬೆವರುತ್ತದೆ. ಮೊದಲು ಒದ್ದೆಯಾಗುವುದು ಹಾಸಿಗೆಯ ಅಡಿಭಾಗ. ಎತ್ತಿ ನೋಡಿದರೆ ಕಪ್ಪು ಬೂಷ್ಟು. ಹಾಸಿಗೆಯ ಕೆಳಗೆ ಗಾಳಿಯಾಡುವ ಪಟ್ಟಿಗಳನ್ನಿಡಿ, ಮೇಲಿನ ಕಿಂಡಿ ಒಂದು ಬೆರಳಷ್ಟಾದರೂ ತೆರೆದಿರಲಿ, ಪ್ಲಗ್ ಇದ್ದರೆ ಡಿಹ್ಯುಮಿಡಿಫೈಯರ್ ಓಡಲಿ.

ನಮ್ಮ ಅಡುಗೆಯವರಿಗೆ ಒಂದು ಅನುಕೂಲ ಇದೆ. ಪ್ರೆಷರ್ ಕುಕ್ಕರ್ ದೋಣಿಗೆ ಹೇಳಿಮಾಡಿಸಿದ ಪಾತ್ರೆ: ಗ್ಯಾಸ್ ಉಳಿಯುತ್ತದೆ, ಹಬೆ ಕಡಿಮೆ, ಅಲೆಗೆ ಉರುಳಿದರೂ ಸಾರು ಚೆಲ್ಲದು. ಇಡ್ಲಿ ಮಾಡುವುದು ಮಾತ್ರ ಬಿಸಿಲಿನ ದಿನಕ್ಕಿರಲಿ. ಇಂಗು, ಸಾಸಿವೆಯ ಒಗ್ಗರಣೆ ಸ್ಪಂಜಿನ ದಿಂಬಿಗೆ ಹತ್ತಿದರೆ ತಿಂಗಳುಗಟ್ಟಲೆ ಬಿಡದು, ಸಾಧ್ಯವಾದರೆ ಹೊರಗಿನ ಕಾಕ್‌ಪಿಟ್‌ನಲ್ಲಿ ಸಣ್ಣ ಒಲೆ ಇಟ್ಟು ಹಾಕಿ. ದೋಸೆ ಹಿಟ್ಟು ಹುದುಗಲು ಎಂಜಿನ್ ಪೆಟ್ಟಿಗೆಯ ಪಕ್ಕಕ್ಕಿಂತ ಬೆಚ್ಚನೆಯ ಜಾಗ ದೋಣಿಯಲ್ಲಿ ಇಲ್ಲ.

ಇದೇ ಉಸಿರಿನಲ್ಲಿ ಶೌಚಾಲಯದ ಮಾತೂ ಮುಗಿಸಿಬಿಡುತ್ತೇನೆ. ಕೈಪಂಪಿನ ಆ ಕಮೋಡು ಕಟ್ಟಿಕೊಳ್ಳುವುದು ಹೆಚ್ಚಾಗಿ ಕಾಗದದಿಂದ. ನೀರು ಬಳಸುವ ನಮಗೆ ಆ ಕಷ್ಟ ಕಡಿಮೆ. ಕೊಳವೆಯೊಳಗೆ ಸುಣ್ಣದಂತೆ ಕಟ್ಟುವ ಗಸಿಗೆ ಆಗಾಗ ವಿನೆಗರ್ ಬಿಡಿ.

12. ಎಂಜಿನ್ ಜೊತೆ ಸ್ನೇಹ ಮಾಡಿ

ಹಳೆ ಡೀಸೆಲ್ ಎಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ. ಶುದ್ಧ ಡೀಸೆಲ್, ಗಾಳಿ, ತಂಪು ನೀರು ಸಿಕ್ಕರೆ ಓಡುತ್ತದೆ. ಫಿಲ್ಟರ್ ಬದಲಿಸುವುದು, ಡೀಸೆಲ್ ಪೈಪಿನಿಂದ ಗಾಳಿ ತೆಗೆಯುವುದು, ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಹಾಕುವುದು, ಈ ಮೂರನ್ನು ಕಲಿತರೆ ಮೆಕ್ಯಾನಿಕ್ಕಿಗೆ ಕೊಡುವ ದುಡ್ಡು ಬಹುಪಾಲು ಉಳಿಯಿತು. ಜೂನ್–ಜುಲೈ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಮಲ್ಪೆ, ಗಂಗೊಳ್ಳಿಯ ಬೋಟಿನವರು ದಡಕ್ಕೇರಿಸಿದ ಬೋಟಿನ ತಳ ಕೆರೆದು ಬಣ್ಣ ಬಳಿಯುತ್ತಾರಲ್ಲ, ಅದೇ ಕೆಲಸ ಇಲ್ಲೂ ಒಂದೆರಡು ವರ್ಷಕ್ಕೊಮ್ಮೆ ಇದೆ. ಕೆರೆಯುವಾಗ ಮಾಸ್ಕ್ ಹಾಕಿ, ಆ ಬಣ್ಣ ವಿಷ. ಯಾರ್ಡ್ ಗೊತ್ತುಮಾಡುವ ಮೊದಲು ಸ್ವಂತ ಕೈಯಿಂದ ಕೆಲಸ ಮಾಡಲು ಬಿಡುತ್ತಾರಾ ಕೇಳಿ. ಬಿಡದ ಯಾರ್ಡುಗಳೂ ಇವೆ.

ಗೊತ್ತಿಲ್ಲದ್ದನ್ನು ನೆರೆಯವರು ಹೇಳಿಕೊಡುತ್ತಾರೆ. ಚಳಿಗಾಲದ ಮರೀನಾಗಳಲ್ಲಿ ಬೆಳಿಗ್ಗೆ ರೇಡಿಯೊದಲ್ಲಿ ದೋಣಿವಾಸಿಗಳ ಮಾತುಕತೆ ಇರುತ್ತದೆ: ಹವಾಮಾನ, ಹೊಸದಾಗಿ ಬಂದವರು, ಹೊರಟವರು, ಯಾರಿಗೆ ಯಾವ ಪಂಪು ಬೇಕು, ಯಾರ ಬಳಿ ಹಳೆಯದೊಂದು ಬಿದ್ದಿದೆ. ತಪ್ಪದೆ ಕೇಳಿ.

13. ಬಿಡುವ ದಾರಿಯನ್ನೂ ನೋಡಿಟ್ಟುಕೊಳ್ಳಿ

ಮಂಡಿ ನೋವು, ಮಗುವಿನ ಶಾಲೆ, ಊರಿನಲ್ಲಿ ವಯಸ್ಸಾದ ತಂದೆ ತಾಯಿ, ಕಾರಣ ಯಾವುದೋ ಒಂದು ದಿನ ಬರುತ್ತದೆ. ಹಳೆ ದೋಣಿ ಬೇಗ ಮಾರಾಟವಾಗುವುದಿಲ್ಲ, ಮಾರಾಟವಾಗುವ ತನಕ ಬಾಡಿಗೆ ನಿಲ್ಲುವುದಿಲ್ಲ. ಯಾರ್ಡುಗಳ ಹಿಂಬದಿಯಲ್ಲಿ ಹಸಿರು ಪಾಚಿ ಹಿಡಿದು ನಿಂತ ದೋಣಿಗಳಲ್ಲಿ ಎಷ್ಟೋ, ಬಾಡಿಗೆಯ ಬಾಕಿ ದೋಣಿಯ ಬೆಲೆಯನ್ನೇ ಮೀರಿದಾಗ ಒಡೆಯರು ಬಿಟ್ಟುಹೋದವು. ಇನ್ನೂ ತೇಲುತ್ತಿರುವಾಗ, ಒಳಗೆ ದೀಪ ಉರಿಯುತ್ತಿರುವಾಗಲೇ ಮಾರಿ. ಖಾಲಿ ಬಿದ್ದ ದೋಣಿಯ ಬೆಲೆ ಬೂಷ್ಟು ಹಿಡಿದ ಮೊದಲ ಚಳಿಗಾಲಕ್ಕೇ ಕುಸಿಯುತ್ತದೆ. ಮೊದಲ ದಿನದಿಂದಲೇ ಒಂದು ಕಡತ ಮಾಡಿ, ಪ್ರತಿ ರಸೀದಿ, ಸರ್ವೆ ವರದಿ, ತಂತಿ ಬದಲಿಸಿದ ದಿನಾಂಕ, ಎಲ್ಲಕ್ಕಿಂತ ಮುಖ್ಯವಾಗಿ ವ್ಯಾಟ್ ದಾಖಲೆಯ ಮೂಲಪ್ರತಿ ಅದರಲ್ಲಿಡಿ. ಜಾಣ ಗಿರಾಕಿ ದೋಣಿ ನೋಡುವ ಮೊದಲು ಅದನ್ನೇ ಕೇಳುತ್ತಾನೆ.